ಜಪಾನಿನಲ್ಲಿ ಮೊಮ್ಮಗು: ಅಜ್ಜಿಯ ಜೇನು, ಸರ್ಕಾರದ ಪುಸ್ತಕ

ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಇಂಗ್ಲಿಷ್ ಮೊದಲಕ್ಷರಗಳಿಂದ ಹುಟ್ಟಿದ ಹೆಸರು ಬಿಟಿಎಂ ಲೇಔಟ್. ಈ ಬಡಾವಣೆಯಿಂದ ಕಂಪ್ಯೂಟರ್ ಕೆಲಸದ ಮೇಲೆ ಹೊರದೇಶಕ್ಕೆ ಹೋದ ಮಕ್ಕಳಿಗೆ ಲೆಕ್ಕವಿಲ್ಲ. ಅವರಲ್ಲಿ ಕೆಲವರು ಜಪಾನಿನಲ್ಲಿದ್ದಾರೆ. ಟೋಕಿಯೋದ ಎಡೊಗಾವಾ ವಾರ್ಡಿನ ನಿಶಿಕಸಾಯಿಯಲ್ಲಂತೂ 2000ನೇ ಇಸವಿಯ ಆಸುಪಾಸಿನಿಂದ ಭಾರತೀಯ ಸಂಸಾರಗಳು ಹೆಚ್ಚಾಗುತ್ತಲೇ ಇವೆ. ಅಲ್ಲಿ ಮಗಳು ಬಸುರಿಯಾದರೆ ಬಾಣಂತನಕ್ಕೆಂದು ಇಲ್ಲಿಂದ ತಾಯಿ ಹೊರಡುತ್ತಾರೆ. ಪೆಟ್ಟಿಗೆಯಲ್ಲಿ ಅಂಟಿನುಂಡೆ, ಬಜೆ, ತೇಯುವ ಕಲ್ಲು, ಜೊತೆಗೊಂದು ಶೀಶೆ ಜೇನುತುಪ್ಪ.

ನೀವೂ ಹಾಗೆ ಹೊರಟಿದ್ದರೆ, ದಯವಿಟ್ಟು ಜೇನನ್ನು ಮಗುವಿನ ಪಾಲಿನಿಂದ ತೆಗೆದುಬಿಡಿ.

2017ರಲ್ಲಿ ಟೋಕಿಯೋದ ಅಡಾಚಿ ವಾರ್ಡಿನಲ್ಲಿ ಆರು ತಿಂಗಳ ಗಂಡುಮಗುವೊಂದು ತೀರಿಕೊಂಡಿತು. ಮನೆಯವರು ಹಣ್ಣಿನ ರಸದಲ್ಲಿ ಜೇನು ಬೆರೆಸಿ ಕುಡಿಸಿದ್ದರು, ಒಳ್ಳೆಯದೆಂದು ತಿಳಿದೇ. ಜೇನಿನಲ್ಲಿ ಕೆಲವೊಮ್ಮೆ ಬಾಟ್ಯುಲಿಸಂ ರೋಗಾಣುವಿನ ಬೀಜಕಣಗಳು ಇರುತ್ತವೆ. ದೊಡ್ಡವರ ಕರುಳಿನಲ್ಲಿ ಅವು ಮೊಳೆಯುವುದಿಲ್ಲ. ವರ್ಷ ತುಂಬದ ಮಗುವಿನ ಕರುಳು ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಅಲ್ಲಿ ಮೊಳೆತು ವಿಷ ಉಂಟುಮಾಡುತ್ತವೆ. ಮೊದಲು ಮಲಬದ್ಧತೆ. ಆಮೇಲೆ ಮಗು ಹಾಲು ಚೀಪಲಾರದು, ಅಳು ಕ್ಷೀಣವಾಗುತ್ತದೆ, ರೆಪ್ಪೆ ಜೋಲುತ್ತದೆ, ಕತ್ತು ನಿಲ್ಲುವುದಿಲ್ಲ. ಕೊನೆಗೆ ಉಸಿರಾಟಕ್ಕೇ ತೊಂದರೆ. ಮನೆಯಲ್ಲಿ ಕುದಿಸಿದರೂ ಈ ಬೀಜಕಣಗಳು ಸಾಯುವುದಿಲ್ಲ. ವರ್ಷ ತುಂಬುವವರೆಗೆ ಜೇನು ಬೇಡವೆಂದು ಜಪಾನ್ ಸರ್ಕಾರ 1987ರಲ್ಲಿಯೇ ಎಚ್ಚರಿಸಿತ್ತು.

‘ನಮ್ಮ ಮಕ್ಕಳಿಗೆಲ್ಲ ನೆಕ್ಕಿಸಿದ್ದೇವೆ, ಏನಾಯಿತು?’ ಎಂದು ನೀವು ಕೇಳಬಹುದು. ಎಲ್ಲ ಶೀಶೆಯಲ್ಲೂ ರೋಗಾಣು ಇರುವುದಿಲ್ಲ, ಕಾಯಿಲೆಯೂ ಅಪರೂಪದ್ದೇ. ಆದರೆ ಯಾವ ಶೀಶೆಯಲ್ಲಿದೆಯೆಂದು ನೋಡಿ ಹೇಳಲು ಯಾರಿಂದಲೂ ಆಗದು. ಬಜೆಯ ಮಾತೂ ಅಷ್ಟೇ. ಮೊದಲ ಆರು ತಿಂಗಳು ಎದೆಹಾಲಲ್ಲದೆ ಬೇರೇನೂ ಬೇಕಿಲ್ಲ. ಅಂಟಿನುಂಡೆ ಬಾಣಂತಿಗೆ ಇರಲಿ.

ಇನ್ನು ಅಲ್ಲಿಂದ ನಾವು ಕಲಿಯಬೇಕಾದದ್ದು. ಬಸುರಿಯೆಂದು ವಾರ್ಡ್ ಕಚೇರಿಗೆ ತಿಳಿಸಿದ ಕೂಡಲೇ ಜಪಾನಿನಲ್ಲಿ ಒಂದು ಪುಟ್ಟ ಪುಸ್ತಕ ಕೊಡುತ್ತಾರೆ, ಹೆಸರು ‘ಬೋಶಿ ಕೆಂಕೋ ತೆಚೋ’, ಎಂದರೆ ತಾಯಿ-ಮಗುವಿನ ಆರೋಗ್ಯ ಪುಸ್ತಕ. 1942ರಲ್ಲಿ ಗರ್ಭಿಣಿಯರಿಗೆಂದು ಆರಂಭವಾದದ್ದು 1948ರಲ್ಲಿ ತಾಯಿ-ಮಗು ಇಬ್ಬರದ್ದೂ ಆಯಿತು. ಇಂಗ್ಲಿಷಿನಲ್ಲೂ ಸಿಗುತ್ತದೆ. ನಮ್ಮ ತಾಯಿ ಕಾರ್ಡಿನ ಅಕ್ಕನೆನ್ನಿ. ತೂಕ, ಎತ್ತರ, ಲಸಿಕೆ ಎಲ್ಲ ಅದರಲ್ಲೇ ಬರೆದಿಡಬೇಕು.

ಅದರಲ್ಲೊಂದು ಬಣ್ಣದ ಹಾಳೆ ಇದೆ, ಮಗುವಿನ ಮಲದ ಬಣ್ಣ ಹೋಲಿಸಿ ನೋಡಲು. 2012ರಿಂದ ಪ್ರತಿ ಪುಸ್ತಕದಲ್ಲೂ ಇರಲೇಬೇಕೆಂದು ಮಾಡಿದ್ದಾರೆ. ಹುಟ್ಟಿದ ಮಗುವಿಗೆ ಕಾಮಾಲೆ ಬರುವುದು ಸಾಮಾನ್ಯ. ಆದರೆ ಎರಡು ವಾರ ಕಳೆದರೂ ಕಣ್ಣಿನ ಹಳದಿ ಹೋಗದೆ, ಮಲ ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಪಿತ್ತನಾಳ ಮುಚ್ಚಿರಬಹುದು. ಇದಕ್ಕೆ ಜಪಾನಿನ ವೈದ್ಯ ಮೊರಿಯೊ ಕಸಾಯಿ 1950ರ ದಶಕದಲ್ಲಿ ರೂಪಿಸಿದ ಶಸ್ತ್ರಚಿಕಿತ್ಸೆಯೇ ಇಂದಿಗೂ ಎಲ್ಲೆಡೆ ನಡೆಯುತ್ತದೆ. 60 ದಿನದೊಳಗೆ ಮಾಡಿದರೆ ಫಲ ಹೆಚ್ಚು. ತಡವಾದಷ್ಟೂ ಯಕೃತ್ತು ಕೆಡುತ್ತದೆ. ಮಗುವಿನ ಬಟ್ಟೆ ಬದಲಿಸುವವರು ಅಜ್ಜಿಯೇ ಅಲ್ಲವೇ? ಆ ಹಾಳೆಯನ್ನು ಓದಲು ಭಾಷೆ ಬೇಕಿಲ್ಲ, ಕಣ್ಣು ಸಾಕು. ಬೆಂಗಳೂರಿನಲ್ಲಿರುವ ಅಜ್ಜಿಯರಿಗೂ ಈ ಮಾತು ಅನ್ವಯಿಸುತ್ತದೆ.

ಲಸಿಕೆಯ ವಿಷಯದಲ್ಲಿ ಗಾಬರಿ ಬೇಡ. ನಮ್ಮಲ್ಲಿ ಹುಟ್ಟಿದ ಕೂಡಲೇ ಹಾಕುವ ಬಿ.ಸಿ.ಜಿ.ಯನ್ನು ಅಲ್ಲಿ ಸಾಮಾನ್ಯವಾಗಿ 5ರಿಂದ 8 ತಿಂಗಳೊಳಗೆ ಹಾಕುತ್ತಾರೆ. ಅದೂ ಒಂದು ಸೂಜಿಯಲ್ಲ. 9 ಪುಟ್ಟ ಸೂಜಿಗಳ ಅಚ್ಚನ್ನು ತೋಳಿನ ಮೇಲೆ ಎರಡು ಬಾರಿ ಒತ್ತುತ್ತಾರೆ. ಇಲ್ಲಿ ಹುಟ್ಟಿದ ಮಗುವನ್ನು ಕರೆದೊಯ್ಯುವವರು ಲಸಿಕೆಯ ಚೀಟಿಯನ್ನು ಮರೆಯಬಾರದು. ಅದಿಲ್ಲದಿದ್ದರೆ ಯಾವುದು ಆಗಿದೆ, ಯಾವುದು ಆಗಿಲ್ಲ ಎಂದು ಅಲ್ಲಿನ ವೈದ್ಯರಿಗೆ ಹೇಳುವುದು ಹೇಗೆ?

ಅಂಬೆಗಾಲಿಡುವ ಮಗುವಿದ್ದರೆ ಬಚ್ಚಲಿನ ಕಡೆ ಕಣ್ಣಿರಲಿ. ಆಳವಾದ ತೊಟ್ಟಿಯ ಒಂದೇ ನೀರಿನಲ್ಲಿ ಮನೆಮಂದಿಯೆಲ್ಲ ಮುಳುಗಿ ಏಳುವುದು, ಮಿಕ್ಕ ನೀರನ್ನು ಬಟ್ಟೆ ಒಗೆಯಲು ಇಟ್ಟುಕೊಳ್ಳುವುದು ಅಲ್ಲಿನ ರೂಢಿ. ಉಳಿತಾಯವೇನೋ ಸರಿ, ಆದರೆ ಚಿಕ್ಕ ಮಗುವಿರುವ ಮನೆಯಲ್ಲಿ ನೀರನ್ನು ಕೂಡಲೇ ಹರಿಯಬಿಡಬೇಕು, ಬಾಗಿಲಿಗೆ ಅಗುಳಿ ಹಾಕಬೇಕು.

ನಿಮಗೆ ಸಿಗುವ ವೀಸಾ ಸಾಮಾನ್ಯವಾಗಿ 90 ದಿನಕ್ಕೆ. ನೀವು ಹಿಂತಿರುಗಿದ ಮೇಲೆ ಮಗಳು ಮಗುವಿನೊಡನೆ ಒಬ್ಬಳೇ. ಗಂಡ ಬರುವುದು ರಾತ್ರಿಗೆ. ಕಾರಣವಿಲ್ಲದ ಅಳು, ನಿದ್ದೆಗೇಡು, ಮಗುವಿನ ಮೇಲೆ ಬೇಸರ ಎರಡು ವಾರ ಮೀರಿದರೆ ಅದನ್ನು ಸೋಮಾರಿತನವೆನ್ನಬೇಡಿ, ಅದೊಂದು ಕಾಯಿಲೆ, ಚಿಕಿತ್ಸೆಯಿದೆ. ಮಗುವಿಗೆ ನಾಲ್ಕು ತಿಂಗಳಾಗುವುದರೊಳಗೆ ವಾರ್ಡಿನಿಂದ ಒಬ್ಬರು ಮನೆಗೆ ಬಂದು ವಿಚಾರಿಸುತ್ತಾರೆ. ಭಾಷೆ ಬಾರದೆಂದು ಬಾಗಿಲು ಮುಚ್ಚದೆ, ಎಲ್ಲವನ್ನೂ ಹೇಳಿಕೊಳ್ಳಲು ಮಗಳಿಗೆ ತಿಳಿಸಿ. ರಾತ್ರಿ ಮಗುವಿಗೆ ಜ್ವರ ಬಂದರೆ ಸಲಹೆಗೆ ಹ್ಯಾಷ್ 8000, ಆಂಬುಲೆನ್ಸಿಗೆ 119. ಹೊರಡುವ ಮುನ್ನ ಈ ಎರಡು ಸಂಖ್ಯೆಗಳನ್ನೂ, ಜಪಾನಿ ಮಾತಾಡಬಲ್ಲ ನೆರೆಯವರೊಬ್ಬರ ಫೋನನ್ನೂ ದೊಡ್ಡಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ ಬನ್ನಿ.