ಶೇಂಗಾ ಬೀಜದ ಪ್ರೊಟೀನ್: ತರಗತಿಯ ಪ್ರಾಜೆಕ್ಟಿಗೆ ಒಂದು ಚಿಕ್ಕ ಪ್ರಶ್ನೆ

ಮರಿಯಮ್ಮನಹಳ್ಳಿ: ಜೀವವಿಜ್ಞಾನದ ಪದವಿ ತರಗತಿಗಳಲ್ಲಿ ಪ್ರಾಜೆಕ್ಟ್ ಎಂದೊಡನೆ ವಿದ್ಯಾರ್ಥಿಗಳ ಮನಸ್ಸು ಕ್ಯಾನ್ಸರ್‌ನಂತಹ ದೊಡ್ಡ ವಿಷಯಗಳತ್ತ ಹರಿಯುವುದು ಸಹಜ. ಕೆಲವೇ ವಾರಗಳಲ್ಲಿ ಮುಗಿಯದ ಇಂತಹ ವಿಷಯ ಕೊನೆಗೆ ನಕಲು ಪುಟಗಳ ಕಟ್ಟಾಗಿ ಪರಿಣಮಿಸುವ ಅಪಾಯವಿದೆ. ಪ್ರೊಟೀನ್ ರಚನೆಯ ಅಧ್ಯಯನಕ್ಕೆ ಹೊಸದಾಗಿ ಕೈಹಾಕುವವರಿಗೆ ಬೇಕಾದುದು ಒಂದು ಪ್ರೊಟೀನ್, ಒಂದು ಪ್ರಶ್ನೆ ಮತ್ತು ತಾವೇ ಅಳೆದು ಹೇಳಬಹುದಾದ ಉತ್ತರ. ಅದಕ್ಕೆ ತಕ್ಕ ವಸ್ತು ಬಳ್ಳಾರಿ, ವಿಜಯನಗರ ಜಿಲ್ಲೆಗಳ ಹೊಲಗಳಲ್ಲೇ ಬೆಳೆಯುತ್ತದೆ. ಅದುವೇ ಶೇಂಗಾ.

ಬೆಂಗಳೂರಿನಲ್ಲಿ ಬಿಡಿಸಿದ ಒಗಟು

ಶೇಂಗಾ ಬೀಜದಲ್ಲಿ ಸಕ್ಕರೆಯ ಅಣುಗಳನ್ನು ಗುರುತಿಸಿ ಹಿಡಿದುಕೊಳ್ಳುವ ಲೆಕ್ಟಿನ್ ಎಂಬ ಪ್ರೊಟೀನ್ ಇದೆ. ಇದರ ರಚನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರ ತಂಡ ಬಿಡಿಸಿ 1994ರಲ್ಲಿ ಪ್ರಕಟಿಸಿತು. ತಲಾ 236 ಅಮೈನೋ ಆಮ್ಲಗಳ ನಾಲ್ಕು ಸಮಾನ ಸರಪಳಿಗಳು ಇದರಲ್ಲಿವೆ. ಅವು ನಿರೀಕ್ಷಿತ ಸಮಮಿತಿಯಲ್ಲಿ ಜೋಡಣೆಯಾಗದೆ ಇರುವುದು ವಿಜ್ಞಾನಿಗಳನ್ನು ಅಚ್ಚರಿಗೊಳಿಸಿತ್ತು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅನ್ನು ಈ ಪ್ರೊಟೀನ್ ಹಿಡಿದಿರುವ ರಚನೆಯ ವಿವರಗಳು 1996ರಲ್ಲಿ ಪ್ರಕಟವಾದವು.

ಲ್ಯಾಕ್ಟೋಸನ್ನು ಹಿಡಿದಿರುವ ಅಮೈನೋ ಆಮ್ಲಗಳು ಯಾವುವು? ಪ್ರಾಜೆಕ್ಟಿಗೆ ಈ ಒಂದು ಪ್ರಶ್ನೆ ಸಾಕು.

ಕೆಲಸದ ಕ್ರಮ

ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಅಂತರ್ಜಾಲ ಸಂಪರ್ಕವಿರುವ ಒಂದು ಕಂಪ್ಯೂಟರ್ ಸಾಕು. 1971ರಲ್ಲಿ ಆರಂಭವಾದ ಪ್ರೊಟೀನ್ ಡೇಟಾ ಬ್ಯಾಂಕ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳು ಉಚಿತವಾಗಿ ದೊರೆಯುತ್ತವೆ. ಶೇಂಗಾ ಲೆಕ್ಟಿನ್-ಲ್ಯಾಕ್ಟೋಸ್ ರಚನೆಯ ಸಂಕೇತ '2ಪಿಇಎಲ್'. ಅದರ ಸ್ಪಷ್ಟತೆ 2.25 ಆಂಗ್‌ಸ್ಟ್ರಾಮ್. ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ.

ಮೊದಲ ಸರಪಳಿಯಲ್ಲಿ ಲ್ಯಾಕ್ಟೋಸನ್ನು ಗುರುತಿಸಿ, ಅದರಿಂದ 4 ಆಂಗ್‌ಸ್ಟ್ರಾಮ್ ಒಳಗಿರುವ ಅಮೈನೋ ಆಮ್ಲಗಳನ್ನು ಪಟ್ಟಿ ಮಾಡಬೇಕು. ಈ ಸ್ಪಷ್ಟತೆಯಲ್ಲಿ ಹೈಡ್ರೋಜನ್ ಪರಮಾಣುಗಳು ಕಾಣುವುದಿಲ್ಲ. ಆದ್ದರಿಂದ ಸಕ್ಕರೆ ಮತ್ತು ಪ್ರೊಟೀನಿನ ಆಮ್ಲಜನಕ ಅಥವಾ ಸಾರಜನಕ ಪರಮಾಣುಗಳ ನಡುವಿನ ಅಂತರ ಸುಮಾರು 3.5 ಆಂಗ್‌ಸ್ಟ್ರಾಮ್‌ಗಿಂತ ಕಡಿಮೆಯಿದ್ದರೆ, ಅಲ್ಲಿ ಹೈಡ್ರೋಜನ್ ಬಂಧ ಇರಬಹುದೆಂದು ಭಾವಿಸಲಾಗುತ್ತದೆ.

ಉಳಿದ ಮೂರು ಸರಪಳಿಗಳಲ್ಲೂ ಇದೇ ಅಳತೆಯನ್ನು ಮಾಡಬೇಕು. ಈ ಪ್ರಾಜೆಕ್ಟಿನ ನಿಜವಾದ ಬಲ ಇರುವುದು ಇಲ್ಲಿಯೇ. ನಾಲ್ಕು ಪಟ್ಟಿಗಳು ಹೊಂದಿಕೆಯಾದರೆ ಉತ್ತರದ ಮೇಲೆ ವಿಶ್ವಾಸ ಹೆಚ್ಚುತ್ತದೆ. ವ್ಯತ್ಯಾಸ ಕಂಡರೆ ಅದನ್ನು ಮರೆಮಾಚದೆ ವರದಿಯಲ್ಲಿ ದಾಖಲಿಸಬೇಕು.

ಇನ್ನೂ ಚಿಕ್ಕದು ಬೇಕೆನ್ನುವವರು ಇನ್ಸುಲಿನ್ ಆಯ್ದುಕೊಳ್ಳಬಹುದು. ಅದರಲ್ಲಿರುವುದು 51 ಅಮೈನೋ ಆಮ್ಲಗಳು ಮಾತ್ರ. ಮನುಷ್ಯನ ಮತ್ತು ಹಂದಿಯ ಇನ್ಸುಲಿನ್ ನಡುವೆ ಒಂದೇ ಒಂದು ವ್ಯತ್ಯಾಸವಿದೆ. ಅದು ಅಣುವಿನ ಯಾವ ಭಾಗದಲ್ಲಿದೆ ಎಂದು ತೋರಿಸುವುದೂ ಒಂದು ಪ್ರಾಜೆಕ್ಟ್.

ಎಚ್ಚರಿಕೆ ಅಗತ್ಯ

ಕೃತಕ ಬುದ್ಧಿಮತ್ತೆಯ ಆಲ್ಫಾಫೋಲ್ಡ್ ಈಗ ಕೋಟ್ಯಂತರ ಪ್ರೊಟೀನ್‌ಗಳ ರಚನೆಯನ್ನು ಊಹಿಸಿ ಕೊಡುತ್ತದೆ. ಅದರ ಹಿಂದಿನ ವಿಜ್ಞಾನಿಗಳಿಗೆ 2024ರ ರಸಾಯನ ವಿಜ್ಞಾನ ನೊಬೆಲ್‌ನಲ್ಲಿ ಪಾಲು ಸಂದಿದೆ. ಆದರೂ ಅದು ಊಹೆಯೇ ಹೊರತು ಪ್ರಯೋಗದ ಅಳತೆಯಲ್ಲ. ಹೊಸಬರು ಪ್ರಯೋಗದಿಂದ ತಿಳಿದ ರಚನೆಯಿಂದಲೇ ಆರಂಭಿಸುವುದು ಒಳಿತು.

ವಿಷಯ ಅಂತಿಮಗೊಳಿಸುವ ಮುನ್ನ ಮೂರು ಅಂಶಗಳನ್ನು ಪರೀಕ್ಷಿಸಿಕೊಳ್ಳಬೇಕು. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಹೇಳಲು ಸಾಧ್ಯವೇ? ಉತ್ತರವನ್ನು ಅಳೆಯಲು ಅಥವಾ ಎಣಿಸಲು ಬರುತ್ತದೆಯೇ? ಬೇರೊಬ್ಬ ವಿದ್ಯಾರ್ಥಿ ಅದೇ ಕೆಲಸ ಮಾಡಿದರೆ ಅದೇ ಫಲಿತಾಂಶ ದೊರೆಯುತ್ತದೆಯೇ? ಮೂರಕ್ಕೂ ಹೌದೆಂಬ ಉತ್ತರವಿದ್ದರೆ, ಮೌಖಿಕ ಪರೀಕ್ಷೆಯಲ್ಲಿ ಪ್ರತಿ ಸಾಲಿಗೂ ವಿದ್ಯಾರ್ಥಿ ತಾನೇ ಸಮರ್ಥನೆ ನೀಡಬಲ್ಲ.