ಮನಸ್ಸಿನ ಮದ್ದು ಮತ್ತು ಮೈಯ ತೂಕ: ಕುಟುಂಬದ ಸಕ್ಕರೆ ಕಾಯಿಲೆ ಮುಚ್ಚಿಡಬೇಡಿ

ಮಗನಿಗೆ ಮಾನಸಿಕ ಕಾಯಿಲೆಯ ಮಾತ್ರೆ ಆರಂಭಿಸಿ ಮೂರು ತಿಂಗಳಾಗಿದೆ. ಇಲ್ಲದ ಧ್ವನಿಗಳು ಕೇಳಿಸುವುದು ನಿಂತಿದೆ, ನಿದ್ದೆಯೂ ಬರುತ್ತಿದೆ. ಆದರೆ ಹೊಟ್ಟೆ ಬಂದಿದೆ, ಹಳೆಯ ಪ್ಯಾಂಟ್ ಹಿಡಿಸುತ್ತಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ತಾಯಂದಿರು ಇದನ್ನು ಹೇಳಿದ ಮೇಲೆ ಕೇಳುವುದು ಎರಡು ಪ್ರಶ್ನೆ. ಮಾತ್ರೆ ನಿಲ್ಲಿಸಬಹುದೇ? ಬೊಜ್ಜು ಕರಗಿಸಲು ಯುನಾನಿಯಲ್ಲಿ ಏನಾದರೂ ಇದೆಯೇ?

ನಿಲ್ಲಿಸಬೇಡಿ. ತಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ, ಕೆಲವೊಮ್ಮೆ ಮೊದಲಿಗಿಂತ ಜೋರಾಗಿ. ಆ ಮಾತ್ರೆಯ ಬದಲಿಗೆ ಕೊಡುವಂಥ ಮದ್ದು ನನ್ನ ಕಪಾಟಿನಲ್ಲಿಲ್ಲ. ನನ್ನ ಲೇಹ್ಯ, ಚೂರ್ಣಗಳನ್ನೂ ಮನೋವೈದ್ಯರಿಗೆ ತಿಳಿಸದೆ ಅದರ ಜೊತೆ ಸೇರಿಸಬೇಡಿ.

ತೂಕ ಏರಲು ರೋಗಿಯ ಸೋಮಾರಿತನ ಕಾರಣವೆಂದು ಗದರಿಸುವವರಿದ್ದಾರೆ. ಅದು ಅನ್ಯಾಯ. ಈ ಮದ್ದುಗಳು ಮೆದುಳಿನಲ್ಲಿ ಹೊಟ್ಟೆ ತುಂಬಿತೆಂದು ತಿಳಿಸುವ ಸಂಕೇತಗಳನ್ನೇ ತಡೆಯುತ್ತವೆ. ಉಂಡೆದ್ದವನಿಗೆ ಮತ್ತೆ ಹಸಿವಾಗುತ್ತದೆ. ಕ್ಲೋಝಪಿನ್, ಓಲಂಝಪಿನ್‌ಗಳಲ್ಲಿ ಇದು ಹೆಚ್ಚು, ರಿಸ್ಪೆರಿಡೋನ್, ಕ್ವೆಟಿಯಾಪಿನ್‌ಗಳಲ್ಲಿ ಮಧ್ಯಮ, ಅರಿಪಿಪ್ರಝೋಲ್‌ನಲ್ಲಿ ಕಡಿಮೆ.

ಹಾಗಿದ್ದರೂ ಒಂದೇ ಮಾತ್ರೆ ನುಂಗುವ ಇಬ್ಬರಲ್ಲಿ ಒಬ್ಬ ಹತ್ತು ಕಿಲೋ ಏರುತ್ತಾನೆ, ಇನ್ನೊಬ್ಬ ಇದ್ದಂತೆಯೇ ಇರುತ್ತಾನೆ. ನಮ್ಮ ಹಕೀಮರು ಇಂಥದ್ದನ್ನು ಮಿಝಾಜ್ ಎನ್ನುತ್ತಿದ್ದರು. ಇಂದಿನ ವಿಜ್ಞಾನ ವಂಶವಾಹಿಗಳಲ್ಲಿ ಹುಡುಕುತ್ತಿದೆ. 2002ರಲ್ಲಿ ಚೀನಾದ ರೋಗಿಗಳ ಅಧ್ಯಯನವೊಂದರಲ್ಲಿ, ಹಸಿವಿಗೆ ಸಂಬಂಧಿಸಿದ ಸೆರೊಟೋನಿನ್ ಗ್ರಾಹಕದ ವಂಶವಾಹಿಯಲ್ಲಿ ಒಂದು ಸಣ್ಣ ವ್ಯತ್ಯಾಸ ಇದ್ದವರ ತೂಕ ಕಡಿಮೆ ಏರಿದ್ದು ಕಂಡಿತು. 2012ರಲ್ಲಿ ಎಂಸಿ4ಆರ್ ಎಂಬ ಇನ್ನೊಂದು ವಂಶವಾಹಿಯ ಪಕ್ಕದ ವ್ಯತ್ಯಾಸವೂ ಬೆಳಕಿಗೆ ಬಂತು. ಆದರೆ ಇಂಥ ಒಂದೊಂದರ ಪಾತ್ರ ಚಿಕ್ಕದು. ಹಲವು ಸೇರಿ ಅಪಾಯ ಕೂಡುತ್ತದೆ.

ಎಲ್ಲವನ್ನೂ ಮಾತ್ರೆಯ ತಲೆಗೆ ಕಟ್ಟುವುದೂ ಸರಿಯಲ್ಲ. ಮಾನಸಿಕ ಕಾಯಿಲೆಯಿರುವ ಕುಟುಂಬಗಳಲ್ಲಿ ಸಕ್ಕರೆ ಕಾಯಿಲೆ ಆಗಾಗ ಕಾಣುತ್ತದೆಂದು ಇಂಗ್ಲೆಂಡಿನ ವೈದ್ಯ ಹೆನ್ರಿ ಮಾಡ್ಸ್‌ಲಿ 1879ರಲ್ಲೇ ಬರೆದಿದ್ದರು. ಈ ವರ್ಗದ ಮೊದಲ ಮದ್ದು ಕ್ಲೋರ್‌ಪ್ರೊಮಝಿನ್ ಬಂದದ್ದು 1950ರ ದಶಕದಲ್ಲಿ! ನಮ್ಮ ದೇಶದವರಿಗಂತೂ ಮೈ ತೆಳ್ಳಗಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಕೂಡಿ ಬೇಗ ಸಕ್ಕರೆ ಕಾಯಿಲೆ ಬರುತ್ತದೆ.

ಹಾಗಾದರೆ ವಂಶವಾಹಿ ಪರೀಕ್ಷೆ ಮಾಡಿಸಬೇಕೇ? ಅದಕ್ಕೆ ದುಡ್ಡು ಸುರಿಯಬೇಡಿ, ಯಾರಿಗೆ ಯಾವ ಮಾತ್ರೆ ಎಂದು ಹೇಳುವಷ್ಟು ಅದು ಇನ್ನೂ ಪಳಗಿಲ್ಲ. ನಿಮ್ಮ ಮನೆಯ ಚರಿತ್ರೆಯೇ ಸದ್ಯದ ಒಳ್ಳೆಯ ಪರೀಕ್ಷೆ. ತಂದೆ, ತಾಯಿ, ಒಡಹುಟ್ಟಿದವರು, ಅಜ್ಜ ಅಜ್ಜಿ ಇವರಲ್ಲಿ ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಹೃದಯಾಘಾತ, ಯಾವ ವಯಸ್ಸಿನಲ್ಲಿ? ಮೊದಲ ಭೇಟಿಯಲ್ಲೇ ಮನೋವೈದ್ಯರಿಗೆ ಹೇಳಿ. ಹಿಂದೆ ಮನೆಯಲ್ಲಿ ಯಾರಾದರೂ ಇದೇ ಮಾತ್ರೆಯಿಂದ ದಪ್ಪಗಾಗಿದ್ದರೆ ಅದನ್ನೂ ಹೇಳಿ. ಹೆಣ್ಣುಮಕ್ಕಳ ಸಂಬಂಧ ತಪ್ಪೀತೆಂದು ಇದನ್ನೆಲ್ಲ ನುಂಗಿಕೊಳ್ಳುವವರು ನಮ್ಮಲ್ಲಿ ಬಹಳ. ವೈದ್ಯರ ಕೋಣೆಯಲ್ಲಿ ಹೇಳಿದ್ದು ಮದುವೆ ಮನೆಗೆ ಹೋಗುವುದಿಲ್ಲ.

ಮಾತ್ರೆ ಆರಂಭಿಸುವ ಮೊದಲೇ ತೂಕ, ಸೊಂಟದ ಸುತ್ತಳತೆ, ರಕ್ತದೊತ್ತಡ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ. ತೂಕವನ್ನು 4, 8, 12 ವಾರಗಳಲ್ಲಿ ಮತ್ತೆ ನೋಡಬೇಕು, ಸಕ್ಕರೆ ಮತ್ತು ಕೊಲೆಸ್ಟರಾಲ್ 12ನೇ ವಾರದಲ್ಲಿ, ಆಮೇಲೆ ವರ್ಷಕ್ಕೊಮ್ಮೆಯಾದರೂ. ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರ. ಟೈಲರ್ ಟೇಪ್ ಸಾಕು, ಉಮ್ಮನೇ ಅಳೆಯಬಹುದು. ತೂಕ ಏರುತ್ತಿದ್ದರೆ ವೈದ್ಯರು ಮಾತ್ರೆ ಬದಲಿಸಬಹುದು, ಮೆಟ್‌ಫಾರ್ಮಿನ್ ಸೇರಿಸಲೂಬಹುದು.

ಮನೆಯಲ್ಲಿ ಅವನೊಬ್ಬನಿಗೆ ಪಥ್ಯ ಹೇರಬೇಡಿ. ಎಲ್ಲರೂ ನೈಚೋರು, ಬಿರಿಯಾನಿ ಉಣ್ಣುವಾಗ ಅವನು ಗಂಜಿಯೆದುರು ಕೂತರೆ ರಾತ್ರಿ ಅಡುಗೆಮನೆಗೆ ಹೋಗಿಯೇ ಹೋಗುತ್ತಾನೆ. ಸಕ್ಕರೆ ಹಾಕಿದ ಶರ್ಬತ್, ಬೇಕರಿ ತಿಂಡಿ ಇಡೀ ಮನೆಗೇ ಕಡಿಮೆಯಾಗಲಿ. ಸಂಜೆಯ ನಡಿಗೆಗೆ ಅಣ್ಣನೋ ತಂಗಿಯೋ ಜೊತೆಗಿರಲಿ. ರಮಝಾನಿನಲ್ಲಿ ಮಾತ್ರೆಯ ಹೊತ್ತನ್ನು ನೀವಾಗಿ ಬದಲಿಸದೆ, ಉಪವಾಸಕ್ಕೆ ಮುಂಚೆಯೇ ಕೇಳಿಕೊಳ್ಳಿ.

ವಿಪರೀತ ಬಾಯಾರಿಕೆ, ರಾತ್ರಿ ಪದೇ ಪದೇ ಮೂತ್ರ, ಕಾರಣವಿಲ್ಲದ ಆಯಾಸ ಕಂಡರೆ ಮುಂದಿನ ತಪಾಸಣೆಗೆ ಕಾಯಬೇಡಿ, ಅಂದೇ ಸಕ್ಕರೆ ನೋಡಿಸಿ. ಜೊತೆಗೆ ವಾಂತಿ, ಏದುಸಿರು, ಮಂಪರು ಇದ್ದರೆ ನೇರ ಆಸ್ಪತ್ರೆಗೆ ಹೋಗಿ, ನುಂಗುತ್ತಿರುವ ಮಾತ್ರೆಗಳ ಚೀಟಿಯೂ ಕೈಯಲ್ಲಿರಲಿ.