ಚಿತ್ರ ಬರೆದವರ ಹೆಸರು

2025ರ ಪದ್ಮಶ್ರೀ ಪಟ್ಟಿಯಲ್ಲಿ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಹೆಸರು ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ತೊಗಲುಗೊಂಬೆಯಲ್ಲಿ ರಾಮಾಯಣ, ಮಹಾಭಾರತ ಆಡಿಸುತ್ತ ಊರೂರು ತಿರುಗಿ, ದೇಶದ ಹೊರಗೂ ಹೋಗಿ ಬಂದ ಹಿರಿಯ ಜೀವ. ಸುದ್ದಿಗಳಲ್ಲಿ ಅವರನ್ನು ಗೊಂಬೆಯಾಟದ ಕಲಾವಿದೆ ಎಂದು ಕರೆದರು, ಸರಿಯೇ. ಆದರೆ ಆ ಕಸುಬನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. ಅಕ್ಷರ ಬಾರದವರ ಮುಂದೆ ಬಣ್ಣದ ಚಿತ್ರಗಳನ್ನು ಒಂದಾದ ಮೇಲೊಂದು ತಂದು ನಿಲ್ಲಿಸಿ, ಮಾತು-ಹಾಡು ಸೇರಿಸಿ ಕಥೆ ದಾಟಿಸುವ ಕೆಲಸ ಅದು. ಇವತ್ತು ಕಾಗದದ ಮೇಲೆ ಅದೇ ಕೆಲಸ ಮಾಡುವವರು ಮಕ್ಕಳ ಚಿತ್ರಪುಸ್ತಕದ ಕಲಾವಿದರು. ಗೊಂಬೆ ಆಡಿಸುವವರನ್ನು ಯಾರೂ ಕಥೆಯ ಅಲಂಕಾರಕ್ಕೆ ಬಂದವರು ಎನ್ನುವುದಿಲ್ಲ, ಅವರೇ ಕಥೆಗಾರರು. ಪುಸ್ತಕದ ಕಲಾವಿದರನ್ನು ಮಾತ್ರ ಕನ್ನಡದ ಪ್ರಕಾಶನ ಲೋಕ ಇನ್ನೂ ಹೆಚ್ಚಾಗಿ ‘ಚಿತ್ರ ಹಾಕುವವರು’ ಎಂದೇ ನಡೆಸಿಕೊಳ್ಳುತ್ತದೆ. ಈ ಎಣಿಕೆ ತಪ್ಪು ಎನ್ನುವುದಕ್ಕೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಷ್ಟು ಒಳ್ಳೆಯ ಸಾಕ್ಷಿ ಬೇರೆ ಕಡೆ ಸಿಗುವುದು ಕಷ್ಟ.

ಮೊದಲು ಕೆಲಸ ಏನೆಂದು ನೋಡೋಣ. ಲೇಖಕರಿಂದ ಬರುವುದು ಒಂದೆರಡು ಹಾಳೆಯಷ್ಟು ಪಠ್ಯ. ಅಚ್ಚಿನ ಲೆಕ್ಕ ಫಾರಂನದು, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟಿನದು. ಹದಿನಾರು ಪುಟಕ್ಕೋ ಇಪ್ಪತ್ತನಾಲ್ಕಕ್ಕೋ ಕಥೆ ಕೂರಬೇಕು. ಎಲ್ಲಿ ಪುಟ ತಿರುಗಬೇಕು, ತಿರುಗಿದ ಕೂಡಲೇ ಮಗುವಿನ ಕಣ್ಣಿಗೆ ಏನು ಬೀಳಬೇಕು, ಎರಡು ಪುಟ ಸೇರುವ ಹೊಲಿಗೆಯಲ್ಲಿ ಯಾರ ಮುಖವೂ ಸಿಕ್ಕಿಕೊಳ್ಳದಂತೆ ಹೇಗೆ ಕೂರಿಸಬೇಕು ಎಂಬುದನ್ನೆಲ್ಲ ಅಂಗೈಯಗಲದ ಕರಡು ಚೌಕಗಳಲ್ಲಿ ಪೆನ್ಸಿಲ್‌ನಿಂದ ಗೀಚಿ, ಅಳಿಸಿ, ಮತ್ತೆ ಗೀಚಿ ತೀರ್ಮಾನಿಸುತ್ತಾರೆ. ‘ಪುಟ್ಟಿ ಅಜ್ಜಿಯ ಮನೆಗೆ ಹೋದಳು’ ಎಂದು ಪಠ್ಯ ಹೇಳಿ ಮುಗಿಸುತ್ತದೆ. ಪುಟ್ಟಿಗೆ ಎಷ್ಟು ವರ್ಷ, ಕಾಲಲ್ಲಿ ಚಪ್ಪಲಿ ಇದೆಯೇ, ಬಸ್ಸಿನಲ್ಲಿ ಹೋದಳೋ ಟಂಟಂನಲ್ಲೋ, ಅಜ್ಜಿಯದು ಮಾಳಿಗೆ ಮನೆಯೋ ತಗಡಿನ ಮನೆಯೋ, ಬಾಗಿಲಲ್ಲಿ ಆಡು ಕಟ್ಟಿದೆಯೋ ಎಮ್ಮೆಯೋ, ಅಜ್ಜಿ ನಗುತ್ತಿದ್ದಾಳೋ ಸಿಡುಕುತ್ತಿದ್ದಾಳೋ, ಇದೆಲ್ಲ ಕಲಾವಿದರ ನಿರ್ಧಾರ. ಒಮ್ಮೆ ತೀರ್ಮಾನಿಸಿದ ಪುಟ್ಟಿ ಹಿಂದಿನಿಂದ, ಪಕ್ಕದಿಂದ, ಓಡುವಾಗ, ಅಳುವಾಗ ಕಡೆಯ ಪುಟದವರೆಗೂ ಅದೇ ಪುಟ್ಟಿಯಾಗಿರಬೇಕು. ಓದಲು ಬಾರದ ಮಗುವಿನ ಪಾಲಿಗೆ ಈ ತೀರ್ಮಾನಗಳೇ ಕಥೆ. ಪಠ್ಯವನ್ನು ದೊಡ್ಡವರು ಓದಿ ಹೇಳಬೇಕು, ಚಿತ್ರವನ್ನು ಅದು ಯಾರ ಹಂಗೂ ಇಲ್ಲದೆ ತಾನೇ ಓದಿಕೊಳ್ಳುತ್ತದೆ.

ಇದೇ ಬಗೆಯ ತೀರ್ಮಾನಗಳು ತೊಗಲುಗೊಂಬೆಯಲ್ಲಿ ಎಷ್ಟು ಹಳೆಯವು ಎಂಬುದು ಗೊಂಬೆಗಳ ಅಳತೆಯಲ್ಲೇ ಕಾಣುತ್ತದೆ. ಕರ್ನಾಟಕದ ಗೊಂಬೆಗಳಲ್ಲಿ ರಾಜನೂ ದೇವರೂ ದೊಡ್ಡವರು, ಆಳುಕಾಳು ಚಿಕ್ಕವರು. ಅಂತಸ್ತಿಗೆ ತಕ್ಕ ಅಳತೆ. ಎಷ್ಟೋ ಗೊಂಬೆಗಳಲ್ಲಿ ಒಂದೇ ತೊಗಲಿನಲ್ಲಿ ಇಡೀ ಸನ್ನಿವೇಶವೇ ಅಡಗಿರುತ್ತದೆ: ರಥ, ಸಾರಥಿ, ಕುದುರೆ, ಬಿಲ್ಲು ಎಲ್ಲ ಒಟ್ಟಿಗೆ. ಅದು ಕೈಕಾಲು ಆಡಿಸುವ ಗೊಂಬೆಗಿಂತ ಹೆಚ್ಚಾಗಿ ಬೆಳಕಿನ ಮುಂದೆ ಹಿಡಿದ ಒಂದು ಪುಟ. ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹದಮಾಡಿ, ಉಳಿಯಿಂದ ತೂತು ಕೊರೆದು ಆಭರಣದ ಹೊಳಪು ತರುವುದರಲ್ಲಿ ಕತ್ತಲಲ್ಲಿ ದೂರ ಕೂತವರಿಗೂ ಕಾಣಬೇಕೆಂಬ ಲೆಕ್ಕವಿದೆ. ಮನೆಯೊಳಗೆ ಮರಾಠಿಯ ಒಂದು ಬಗೆಯನ್ನು ಆಡುವ, ಗೊಂಬೆ ಆಡಿಸುವ ಶಿಳ್ಳೇಕ್ಯಾತ ಸಮುದಾಯ ಪರದೆಯ ಹಿಂದೆ ಕೂತು ಕನ್ನಡದಲ್ಲಿ ಕಥೆ ಕಟ್ಟುತ್ತ ಬಂದಿದೆ. ಕರ್ನಾಟಕ ಚಿತ್ರಕಲಾ ಪರಿಷತ್ತಿನ ಎಂ.ಎಸ್. ನಂಜುಂಡರಾವ್ ಇಂಥ ಗೊಂಬೆಗಳನ್ನು ಹುಡುಕಿ ಕೂಡಿಸಿ ಸಂಗ್ರಹಾಲಯದಲ್ಲಿ ಇಡದಿದ್ದರೆ ಆ ಲೆಕ್ಕಾಚಾರದ ಬಹುಪಾಲು ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

ಕೊಪ್ಪಳಕ್ಕೆ ಹತ್ತಿರದ ಕಿನ್ನಾಳದ ಚಿತ್ರಗಾರರದು ಬೇರೆ ದಾರಿ. ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳು ತಮ್ಮ ಹಿರೀಕರ ಕೈಕೆಲಸ ಎಂಬುದು ಅವರ ನಂಬಿಕೆ. ಹಗುರ ಮರದ ತುಂಡುಗಳನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟಿನ ಜೊತೆ ಅದೇ ಅಂಟಿನಲ್ಲಿ ಕಲಸಿದರೆ ಅದು ಕಿಟ್ಟ. ಅದನ್ನು ಮೈತುಂಬ ಮೆತ್ತಿ, ಮೇಲೆ ಹತ್ತಿ ಬಟ್ಟೆಯ ಚೂರು ಅಂಟಿಸಿ, ಅದರ ಮೇಲೆ ಕಲ್ಲಿನ ನುಣುಪು ಪುಡಿಯ ಲೇಪ ಕೊಟ್ಟು, ಅದು ಆರಿದ ಮೇಲೆಯೇ ಬಣ್ಣದ ಸರದಿ. ಗರುಡ, ಗೌರಿ, ಬಸವ, ಆನೆ, ಜೊತೆಗೆ ಹಣ್ಣು-ತರಕಾರಿಗಳೂ ಅವರ ಕೈಯಲ್ಲಿ ಮೂಡುತ್ತವೆ. ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಬಣ್ಣ ಹಚ್ಚುವ ಮೊದಲಿನ ಈ ದುಡಿಮೆ ಕೊಂಡವರಿಗೆ ಕಾಣುವುದಿಲ್ಲ. ಪುಸ್ತಕದ ಕಲಾವಿದರ ಕರಡು ಚೌಕಗಳದೂ ಇದೇ ಪಾಡು, ಅದಕ್ಕೇ ಸಂಭಾವನೆ ಮಾತಾಡುವಾಗ ಅವು ಲೆಕ್ಕಕ್ಕೆ ಬರುವುದಿಲ್ಲ.

ಒಂದು ಆಕ್ಷೇಪ ಇಲ್ಲಿ ಸಹಜ. ಗೊಂಬೆಯೂ ಮೂರ್ತಿಯೂ ದೇವರ, ಪುರಾಣದ ಕೆಲಸ. ಕಟ್ಟಿಟ್ಟ ರೂಪಗಳನ್ನೇ ತಲೆಮಾರುಗಳಿಂದ ಮಾಡುತ್ತ ಬಂದವರು ಹಲ್ಲುಜ್ಜಲು ಹಠ ಮಾಡುವ ಹುಡುಗನ ಕಥೆಗೆ ಚಿತ್ರ ಬರೆದಾರೆಯೇ? ಮಧ್ಯಪ್ರದೇಶದ ಗೋಂಡ ಕಲಾವಿದ ಭಜ್ಜು ಶ್ಯಾಮ್ ಇದಕ್ಕೆ ಉತ್ತರ ಕೊಟ್ಟಾಗಿದೆ. ಚೆನ್ನೈನ ತಾರಾ ಬುಕ್ಸ್ 2004ರಲ್ಲಿ ತಂದ ‘ದಿ ಲಂಡನ್ ಜಂಗಲ್ ಬುಕ್’ನಲ್ಲಿ ಅವರು ಲಂಡನ್ನಿನ ದೊಡ್ಡ ಗಡಿಯಾರವನ್ನು ಹುಂಜವಾಗಿ ಕಂಡರು, ಎರಡೂ ಹೊತ್ತು ಸಾರುತ್ತವಲ್ಲ. ರೂಪ ಹಳೆಯದು, ನೋಟ ಹೊಸದು. ಆದರೆ ಪುಟದ ಅಂಚಿಗೆ ಕಿನ್ನಾಳದ ಬಳ್ಳಿ ಎಳೆದು ‘ಜಾನಪದ ಶೈಲಿ’ ಎಂದು ಹೆಸರಿಡುವುದು ಇದಲ್ಲ, ಅದು ಬರೀ ಅಲಂಕಾರ. ಕಲಾವಿದರನ್ನು ಕಥೆ ಕಟ್ಟುವ ಹಂತದಲ್ಲೇ ಕರೆದು ಕೂರಿಸಿ, ಈ ಕಥೆ ನಿಮಗೆ ಹೇಗೆ ಕಾಣುತ್ತದೆ ಎಂದು ಕೇಳಿದರೆ ಮಾತ್ರ ಇಂಥ ಪುಸ್ತಕ ಹುಟ್ಟೀತು.

ಕಾಣುವ ಮಾತು ಬಂದಾಗ ನೆಲದ ಪ್ರಶ್ನೆಯೂ ಬರುತ್ತದೆ. ಮಕ್ಕಳ ಪುಸ್ತಕಗಳಲ್ಲಿ ಬರುವ ‘ಹಳ್ಳಿ’ ಸಾಮಾನ್ಯವಾಗಿ ಒಂದೇ: ಹಸಿರು ಗುಡ್ಡ, ಹೆಂಚಿನ ಮನೆ, ತೆಂಗಿನ ಮರ, ಪಕ್ಕದಲ್ಲೊಂದು ಹೊಳೆ. ಈ ಹಳ್ಳಿ ಒಂದು ಜಿಲ್ಲೆಗೂ ಸಾಲದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಗಂಗಾವತಿಯಲ್ಲಿ ಭತ್ತದ ಗದ್ದೆ, ಅದರ ಹಿಂದೆಯೇ ಆನೆಗೊಂದಿಯ ಬೋಳು ಬಂಡೆಗಳ ರಾಶಿ. ಕುಷ್ಟಗಿ, ಯಲಬುರ್ಗಾದಲ್ಲಿ ಮಳೆ ನಂಬಿದ ಹೊಲ, ಸಜ್ಜೆ, ಜೋಳ, ಮಣ್ಣಿನ ಮಾಳಿಗೆ ಮನೆ. ಮಳೆ ಕೈಕೊಟ್ಟ ವರ್ಷ ಮಕ್ಕಳನ್ನೂ ಕಟ್ಟಿಕೊಂಡು ಗುಳೆ ಹೋಗುವ ಸಂಸಾರಗಳು. ಕಥೆಪುಸ್ತಕದ ತೋಳ ದಟ್ಟ ಕಾಡಿನ ಮಂಜಿನಲ್ಲಿ ಅಡಗಿರುತ್ತದೆ. ಗಂಗಾವತಿ ಕಡೆಯ ತೋಳ ಇರುವುದು ಬಯಲಲ್ಲಿ, ಕುರುಚಲು ಗಿಡಗಳ ನಡುವೆ. ಬಂಕಾಪುರದಲ್ಲಿ ಅದಕ್ಕಾಗಿಯೇ ಧಾಮವಿದೆ. ಕುರಿ ಮೇಯಿಸುವ ಮನೆಯ ಮಗುವಿಗೆ ಆ ಬಯಲು ಗೊತ್ತು, ಪುಸ್ತಕಕ್ಕೆ ಗೊತ್ತಿಲ್ಲ.

ಹೀಗಾಗಲು ಕಾರಣ ಕಲಾವಿದರ ಅಜ್ಞಾನ ಎನ್ನುವುದು ಅನ್ಯಾಯ. ಒಂದೇ ಚಿತ್ರ ಹಲವು ಭಾಷೆಗಳ ಪಠ್ಯಕ್ಕೆ ಒದಗಬೇಕಾದ ಕಾಲ ಇದು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಜಾಲತಾಣ ಮುಕ್ತ ಪರವಾನಗಿಯಲ್ಲಿ ಯಾರು ಬೇಕಾದರೂ ಅನುವಾದಿಸುವಂತೆ ಪುಸ್ತಕಗಳನ್ನು ಬಿಟ್ಟಿದೆ, ಕಲಾವಿದರ ಹೆಸರನ್ನೂ ಕಾಣುವಂತೆ ಹಾಕುತ್ತದೆ. ಕನ್ನಡದ ಎಷ್ಟೋ ಮಕ್ಕಳಿಗೆ ಚಿತ್ರಪುಸ್ತಕ ಸಿಕ್ಕಿದ್ದೇ ಇದರಿಂದ. ಆದರೆ ಎಲ್ಲರಿಗೂ ಹೊಂದಬೇಕಾದ ಚಿತ್ರ ಯಾವ ಊರಿನದೂ ಆಗದೆ ಉಳಿಯುವ ಅಪಾಯವೂ ಜೊತೆಗೇ ಬರುತ್ತದೆ. ಇಂಗ್ಲಿಷಿನ ಎರಡು ಸಾಲಿಗೆಂದು ಬಿಟ್ಟ ಜಾಗದಲ್ಲಿ ಒತ್ತಕ್ಷರದ ಕನ್ನಡ ಉಸಿರುಕಟ್ಟುವುದು ಬೇರೆ. ಸ್ಥಳೀಯ ಚಿತ್ರ ಕೊಟ್ಟರೆ ಮಗುವಿನ ಲೋಕ ಕಿರಿದಾಗುತ್ತದೆ, ಅದಕ್ಕೆ ಸಮುದ್ರವನ್ನೂ ಹಿಮವನ್ನೂ ತೋರಿಸಬೇಡವೇ ಎಂದು ಕೇಳುವವರಿದ್ದಾರೆ. ಖಂಡಿತ ತೋರಿಸಬೇಕು. ಹತ್ತು ಪುಸ್ತಕದಲ್ಲಿ ಒಂಬತ್ತು ಹೊರಗಿನದನ್ನೇ ತೋರಿಸಲಿ, ಒಂದರಲ್ಲಾದರೂ ಮಗು ತನ್ನ ಓಣಿಯನ್ನು ಗುರುತು ಹಿಡಿಯಲಿ ಎಂಬುದಷ್ಟೇ ವಾದ. ಮಕ್ಕಳು ಟಿ.ವಿ. ಕಾರ್ಟೂನನ್ನೇ ಇಷ್ಟಪಡುತ್ತಾರೆ ಎಂಬ ಮಾತಿನಲ್ಲೂ ಹುರುಳು ಕಡಿಮೆ. ಕೈಗೆ ಸಿಕ್ಕಿದ್ದನ್ನು ಇಷ್ಟಪಟ್ಟ ಮಾತ್ರಕ್ಕೆ ಸಿಗದಿದ್ದನ್ನು ಬೇಡವೆಂದಂತಲ್ಲ.

ಗಟ್ಟಿಯಾದ ಆಕ್ಷೇಪ ದುಡ್ಡಿನದು. ಬಣ್ಣದ ಅಚ್ಚು ದುಬಾರಿ, ಮಾರಾಟ ಕಡಿಮೆ. ಗ್ರಂಥಾಲಯಗಳ ಸಗಟು ಖರೀದಿಯಲ್ಲಿ ಪುಟಕ್ಕಿಷ್ಟು ಎಂದು ಬೆಲೆ ಕಟ್ಟುವ ಪದ್ಧತಿಗೆ ಹದಿನಾರು ಪುಟದ ಪುಸ್ತಕ ಎಂದರೆ ಅಗ್ಗದ ಪುಸ್ತಕ, ಆ ಹದಿನಾರು ಪುಟಕ್ಕೆ ತಿಂಗಳುಗಟ್ಟಲೆ ಕೂತಿದ್ದರೂ ಸರಿ. ಪ್ರಕಾಶಕರ ಈ ಕಷ್ಟ ನಿಜ. ಆದರೆ ಹೆಸರು ಹಾಕಲು ಹಣ ಬೇಕಿಲ್ಲ, ಒಪ್ಪಂದ ಬರೆಯಲೂ ಬೇಕಿಲ್ಲ. ಒಪ್ಪಂದವಿಲ್ಲದಾಗ ಹೊರೆ ಯಾರ ಮೇಲೆ ಬೀಳುತ್ತದೆ ನೋಡಿ: 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ನಿನಂತೆ, ಹಣ ಕೊಟ್ಟು ಬರೆಸಿದ ವರ್ಣಚಿತ್ರಕ್ಕೆ ಬೇರೆ ಕರಾರು ಇಲ್ಲದಿದ್ದರೆ ಬರೆಸಿದವರೇ ಮೊದಲ ಹಕ್ಕುದಾರರು. ಯಾರ ನೌಕರಿಯಲ್ಲೂ ಇಲ್ಲದ ಲೇಖಕರ ಹಸ್ತಪ್ರತಿಗೆ ಈ ನಿಯಮವಿಲ್ಲ. ಒಂದೇ ಪುಸ್ತಕದ ಇಬ್ಬರಲ್ಲಿ ಒಬ್ಬರಿಗೆ ಮರುಮುದ್ರಣದ ಗೌರವಧನ, ಇನ್ನೊಬ್ಬರಿಗೆ ಒಮ್ಮೆ ಕೊಟ್ಟ ಕೂಲಿ. ಮನ್ನಣೆಯ ಕಥೆಯೂ ಹೀಗೆಯೇ. ಹ್ಯಾನ್ಸ್ ಕ್ರಿಶ್ಚಿಯನ್ ಆ್ಯಂಡರ್ಸನ್ ಪ್ರಶಸ್ತಿ 1956ರಿಂದ ಲೇಖಕರಿಗೆ, 1966ರಿಂದ ಚಿತ್ರಕಲಾವಿದರಿಗೂ ಸಲ್ಲುತ್ತಿದೆ. ನಮ್ಮ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2010ರಲ್ಲಿ ಶುರುವಾಯಿತು. ಅದು ಲೇಖಕರಿಗೆ ಮಾತ್ರ. ಅಂದಿನ ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ದಯ್ಯ ಪುರಾಣಿಕರ ಮಕ್ಕಳ ಪದ್ಯಗಳನ್ನು ಕಲಿತು ದೊಡ್ಡವರಾದವರು ನಾಡಿನ ತುಂಬ ಇದ್ದಾರೆ. ಪದ್ಯದ ಪಕ್ಕ ಚಿತ್ರ ಬರೆದವರು ಯಾರು ಎಂದರೆ ಹೇಳಬಲ್ಲವರು ಎಷ್ಟು ಮಂದಿ?

ಅದೇ ಕಾಯ್ದೆಯ 57ನೇ ಸೆಕ್ಷನ್, ಹಕ್ಕು ಕೈಬಿಟ್ಟ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು ಕಲಾವಿದರಿಗೆ ಉಳಿಸಿದೆ. ಪ್ರಕಾಶಕರು ಮುಖಪುಟದ ಮೇಲೆ ಲೇಖಕರಷ್ಟೇ ದಪ್ಪ ಅಕ್ಷರದಲ್ಲಿ ಆ ಹೆಸರನ್ನು ಅಚ್ಚು ಹಾಕಲಿ. ಮೋರನಾಳ, ಕಿನ್ನಾಳದ ಕೈಗಳನ್ನು ಹುಡುಕಿ ಹೋಗುವವರು ಲಿಖಿತ ಕರಾರಿನೊಂದಿಗೇ ಹೋಗಲಿ. ಕುಷ್ಟಗಿಯ ಅಂಗನವಾಡಿಯಲ್ಲೋ ಕನಕಗಿರಿಯ ಶಾಲೆಯಲ್ಲೋ ಮಕ್ಕಳಿಗೆ ಕಥೆ ಓದಿ ಹೇಳುವ ಟೀಚರುಗಳು, ಮೇಷ್ಟ್ರುಗಳು ಬರೆದವರ ಹೆಸರಿನ ಜೊತೆಗೆ ಚಿತ್ರ ಬರೆದವರ ಹೆಸರನ್ನೂ ಗಟ್ಟಿಯಾಗಿ ಓದಲಿ.